ರಕ್ತದ ಕಥೆ, ಭಾಗ 4: ಇಂಜೆಕ್ಷನ್ ಬಂತು, ಕಬ್ಬಿಣ ಸಾಲಲಿಲ್ಲ

ನಿಮ್ಮ ಮನೆಯಲ್ಲಿ ಡಯಾಲಿಸಿಸ್ ಮಾಡಿಸ್ಕೊಳ್ಳೋರು ಇದ್ರೆ ಇದನ್ನ ಪೂರ್ತಿ ಓದಿ.

ಕಿಡ್ನಿ ಬರೀ ರಕ್ತ ಸೋಸಲ್ಲ. ಕೆಂಪು ರಕ್ತಕಣ ತಯಾರಿಸು ಅಂತ ಮೂಳೆಮಜ್ಜೆಗೆ ಹೇಳೋ ಎರಿತ್ರೊಪೊಯೆಟಿನ್ ಹಾರ್ಮೋನೂ ಬಹುಪಾಲು ಅಲ್ಲಿಂದಲೇ ಬರುತ್ತೆ. ಅದಕ್ಕೆ ಬದಲಿ ಇಲ್ಲದ ಕಾಲದಲ್ಲಿ ರೋಗಿಗಳಿಗೆ ಪದೇ ಪದೇ ರಕ್ತ ಏರಿಸ್ತಿದ್ರು. ಆಗಿನ ತೊಂದರೆ ಏನು ಗೊತ್ತಾ? ಮೈಯಲ್ಲಿ ಕಬ್ಬಿಣ ಜಾಸ್ತಿ ಆಗೋದು!

1977ರಲ್ಲಿ ತಕಾಜಿ ಮಿಯಾಕೆ, ಯೂಜೀನ್ ಗೋಲ್ಡ್‌ವಾಸರ್ ತಂಡ 2,550 ಲೀಟರ್ ಮೂತ್ರದಿಂದ ಈ ಹಾರ್ಮೋನನ್ನು ಬೇರ್ಪಡಿಸಿತು. 1989ರಲ್ಲಿ ಅಮೆರಿಕದಲ್ಲಿ ಇಂಜೆಕ್ಷನ್‌ಗೆ ಅನುಮತಿ ಸಿಕ್ತು. ಕಥೆ ತಲೆಕೆಳಗಾಯ್ತು. ಚುರುಕಾದ ಮಜ್ಜೆ ಇದ್ದ ಕಬ್ಬಿಣವನ್ನೆಲ್ಲ ಬಳಸಿಕೊಳ್ತು. ಜೊತೆಗೆ ಪ್ರತಿ ಡಯಾಲಿಸಿಸ್‌ನಲ್ಲೂ ಕೊಳವೆ, ಫಿಲ್ಟರಿನಲ್ಲಿ ಸ್ವಲ್ಪ ರಕ್ತ ಉಳಿದುಹೋಗುತ್ತೆ.

ಮಾತ್ರೆ ನುಂಗಿದ್ರೆ ಸಾಲದಾ? ಬಹಳ ಜನಕ್ಕೆ ಸಾಲಲ್ಲ. ಈ ರೋಗಿಗಳಲ್ಲಿ ಹೆಚ್ಚಿರೋ ಹೆಪ್ಸಿಡಿನ್, ಕರುಳಲ್ಲಿ ಕಬ್ಬಿಣ ಹೀರೋ ಬಾಗಿಲನ್ನೇ ಮುಚ್ಚುತ್ತೆ. ಅದಕ್ಕೇ ರಕ್ತನಾಳಕ್ಕೆ ನೇರವಾಗಿ ಕೊಡೋದು.

2019ರಲ್ಲಿ ಪ್ರಕಟವಾದ, ಬ್ರಿಟನ್ನಿನ 2,141 ರೋಗಿಗಳ ಪಿವೋಟಲ್ ಅಧ್ಯಯನ ನೋಡಿ: ಕಡಿಮೆಯಾದ ಮೇಲೆ ಕೊಡೋದಕ್ಕಿಂತ, ಮಿತಿ ಇಟ್ಟುಕೊಂಡು ತಿಂಗಳು ತಿಂಗಳು ಕೊಟ್ಟವರಲ್ಲಿ ಸಾವು, ಹೃದಯಾಘಾತದಂಥ ಅಪಾಯಗಳು ಒಟ್ಟಾರೆ ಕಡಿಮೆ ಇದ್ದವು.

ರಿಪೋರ್ಟ್ ಬಂದಾಗ ಹಿಮೋಗ್ಲೋಬಿನ್ ಒಂದನ್ನೇ ನೋಡಬೇಡಿ. ಉರಿಯೂತ ಇದ್ರೆ ಫೆರಿಟಿನ್ ಸುಮ್ಮನೆ ಏರಿರುತ್ತೆ. ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ ಎಷ್ಟು ಅಂತಲೂ ಡಾಕ್ಟರನ್ನ ಕೇಳಿ. ಅಜ್ಜ "ಸುಸ್ತು" ಅಂದ್ರೆ ವಯಸ್ಸಿನ ಮೇಲೆ ಹಾಕಿ ಬಿಟ್ಬಿಡಬೇಡಿ.