ಹೊಸ ಫ್ಲ್ಯಾಟ್ ಸೋರುತ್ತಿದೆಯೇ? ಗೋಡೆ ಬಿರುಕು ಬಿಟ್ಟಿದೆಯೇ? ಹೈದರಾಬಾದ್ ಮನೆ ಮಾಲೀಕರಿಗೆ ಇರುವ ಕಾನೂನು ದಾರಿಗಳಿವು

ಹೈದರಾಬಾದ್: ಕೊಂಡಾಪುರ, ನರಸಿಂಗಿ, ತೆಲ್ಲಾಪುರದಂಥ ಕಡೆ ಸಾಲ ಮಾಡಿ ಹೊಸ ಫ್ಲ್ಯಾಟ್ ಕೊಂಡಿದ್ದೀರಿ. ಗೃಹಪ್ರವೇಶವಾದ ಮೊದಲ ಮಳೆಗಾಲಕ್ಕೇ ಸೀಲಿಂಗ್ ಸೋರತೊಡಗಿದರೆ ಏನು ಮಾಡಬೇಕು? ಇಎಂಐ ಅಂತೂ ನಿಲ್ಲುವುದಿಲ್ಲ. ‘ಕೀ ತಗೊಂಡು ಸಹಿ ಹಾಕಿದ್ದೀರಿ, ಇನ್ನು ನಮಗೆ ಸಂಬಂಧವಿಲ್ಲ’ ಎಂದು ಬಿಲ್ಡರ್ ಹೇಳಿದರೂ ಸುಮ್ಮನಾಗಬೇಕಿಲ್ಲ. ಕಾನೂನಿನ ಲೆಕ್ಕ ಶುರುವಾಗುವುದೇ ಕೀ ಕೈಗೆ ಬಂದ ದಿನದಿಂದ.

5 ವರ್ಷ ಬಿಲ್ಡರ್‌ನದೇ ಹೊಣೆ

2016ರ ರೇರಾ ಕಾಯ್ದೆಯ ಸೆಕ್ಷನ್ 14(3) ಪ್ರಕಾರ, ಮನೆ ಹಸ್ತಾಂತರವಾದ 5 ವರ್ಷದೊಳಗೆ ದೋಷವನ್ನು ಗಮನಕ್ಕೆ ತಂದರೆ ಬಿಲ್ಡರ್ 30 ದಿನದಲ್ಲಿ ಉಚಿತವಾಗಿ ಸರಿಪಡಿಸಬೇಕು. ಕಟ್ಟಡದ ರಚನೆಯ ದೋಷವಷ್ಟೇ ಅಲ್ಲ, ಕಳಪೆ ಕೆಲಸ, ಗುಣಮಟ್ಟ, ಸೇವೆಗಳ ಕೊರತೆಯೂ ಇದರಲ್ಲಿ ಸೇರುತ್ತದೆ. ಸರಿಪಡಿಸದಿದ್ದರೆ ಪರಿಹಾರ ಕೇಳಬಹುದು.

ಮೊದಲು ಮಾಡಬೇಕಾದ್ದು

ಫೋನ್ ಕರೆ, ಬಾಯಿಮಾತು ಸಾಕ್ಷಿಯಾಗಿ ನಿಲ್ಲುವುದು ಕಷ್ಟ. ದೋಷದ ಫೋಟೋ, ವಿಡಿಯೋ ಜೊತೆ ಇಮೇಲ್ ಹಾಗೂ ನೋಂದಾಯಿತ ಅಂಚೆಯಲ್ಲಿ ದೂರು ಕಳುಹಿಸಿ. ಸ್ವತಂತ್ರ ಸಿವಿಲ್ ಎಂಜಿನಿಯರ್‌ರಿಂದ ವರದಿ ಪಡೆಯಿರಿ. ಮಾರಾಟ ಒಪ್ಪಂದ, ಬ್ರೋಷರ್, ಹಸ್ತಾಂತರ ಪತ್ರ ಜೋಪಾನವಾಗಿಡಿ. ಇಂಟೀರಿಯರ್ ಕೆಲಸಕ್ಕೆ ಮುನ್ನವೇ ಮನೆಯ ಸ್ಥಿತಿ ದಾಖಲಿಸಿಕೊಳ್ಳಿ. ಇಲ್ಲದಿದ್ದರೆ ಬಿರುಕಿಗೆ ನಿಮ್ಮ ಕೆಲಸವೇ ಕಾರಣ ಎಂದು ಬಿಲ್ಡರ್ ವಾದಿಸಬಹುದು.

ದಾರಿ 1: ತೆಲಂಗಾಣ ರೇರಾ

ರಿಪೇರಿ ಮಾಡಿಸಿಕೊಡಿ ಎಂದು ಕೇಳುವುದಾದರೆ ರೇರಾ ಪ್ರಾಧಿಕಾರಕ್ಕೆ ದೂರು ನೀಡಬೇಕು. ಹಣದ ಪರಿಹಾರ ಬೇಕಿದ್ದರೆ ರೇರಾದ ನ್ಯಾಯನಿರ್ಣಯ ಅಧಿಕಾರಿಗೆ ಪ್ರತ್ಯೇಕ ಅರ್ಜಿ ಸಲ್ಲಿಸಬೇಕು. ಲಿಫ್ಟ್, ನೆಲಮಾಳಿಗೆ, ಒಳಚರಂಡಿಯಂಥ ಎಲ್ಲರಿಗೂ ಸೇರಿದ ದೋಷಗಳಿಗೆ ನಿವಾಸಿಗಳ ಸಂಘವೇ ದೂರು ಕೊಡಬಹುದು. ಆದೇಶ ಒಪ್ಪಿಗೆಯಾಗದಿದ್ದರೆ 60 ದಿನದೊಳಗೆ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ. ಹಣ ಕೊಡಬೇಕೆಂಬ ಆದೇಶದ ವಿರುದ್ಧ ಬಿಲ್ಡರ್ ಮೇಲ್ಮನವಿ ಹೋಗುವುದಾದರೆ ಆ ಮೊತ್ತವನ್ನು ಮೊದಲು ಠೇವಣಿ ಇಡಬೇಕು.

ಗಮನಿಸಿ: ತೆಲಂಗಾಣ ರೇರಾ ನಿಯಮಗಳು 2017ರ ಜನವರಿ 1ರಿಂದೀಚೆಗೆ ಕಟ್ಟಡ ಪರವಾನಗಿ ಪಡೆದ ಯೋಜನೆಗಳಿಗೆ ಅನ್ವಯಿಸುತ್ತವೆ.

ದಾರಿ 2: ಗ್ರಾಹಕರ ಆಯೋಗ

ರೇರಾ ವ್ಯಾಪ್ತಿಗೆ ಬರದ ಮನೆಗಳಿಗೂ ಈ ಬಾಗಿಲು ತೆರೆದಿದೆ. ಪಾವತಿಸಿದ ಮೊತ್ತ 50 ಲಕ್ಷ ರೂ.ವರೆಗಿದ್ದರೆ ಜಿಲ್ಲಾ ಆಯೋಗ, 2 ಕೋಟಿ ರೂ.ವರೆಗೆ ರಾಜ್ಯ ಆಯೋಗ, ಅದಕ್ಕೂ ಮೇಲಿದ್ದರೆ ರಾಷ್ಟ್ರೀಯ ಆಯೋಗ. 2019ರ ಕಾಯ್ದೆಯಂತೆ ದೂರುದಾರರು ವಾಸಿಸುವ ಊರಲ್ಲೂ ದೂರು ಕೊಡಬಹುದು. ಅಂದರೆ ಹೈದರಾಬಾದ್‌ನಲ್ಲಿ ಫ್ಲ್ಯಾಟ್ ಇದ್ದು ಕಲಬುರಗಿಯಲ್ಲೋ ಬೆಂಗಳೂರಿನಲ್ಲೋ ನೆಲೆಸಿರುವವರು ಕರ್ನಾಟಕದಲ್ಲೇ ದೂರು ದಾಖಲಿಸಬಹುದು. ಆದರೆ ಇಲ್ಲಿ ಗಡುವು ಕೇವಲ 2 ವರ್ಷ. ತಡವಾದರೆ ಸೂಕ್ತ ಕಾರಣ ತೋರಿಸಬೇಕು.

ರೇರಾ ಇದೆಯೆಂಬ ಕಾರಣಕ್ಕೆ ಗ್ರಾಹಕರ ಆಯೋಗದ ದಾರಿ ಮುಚ್ಚುವುದಿಲ್ಲ ಎಂದು ಇಂಪೀರಿಯಾ ಸ್ಟ್ರಕ್ಚರ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಆದರೂ ಒಂದೇ ಪರಿಹಾರಕ್ಕೆ ಎರಡೂ ಕಡೆ ಹೋದರೆ ಕೇಸಿಗೆ ತೊಡಕು. ಮೊದಲೇ ವಕೀಲರೊಂದಿಗೆ ಚರ್ಚಿಸಿ ಒಂದನ್ನು ಆರಿಸಿಕೊಳ್ಳಿ.

ಕೀ ತೆಗೆದುಕೊಂಡರೆ ಹಕ್ಕು ಹೋಗುತ್ತದೆಯೇ?

ಇಲ್ಲ. ಬೆಂಗಳೂರಿನ ಡಿಎಲ್‌ಎಫ್ ಸದರ್ನ್ ಹೋಮ್ಸ್ ಯೋಜನೆಯೊಂದರ ಖರೀದಿದಾರರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ಇದನ್ನು ಸ್ಪಷ್ಟಪಡಿಸಿತು. ಮನೆ ಸ್ವಾಧೀನಕ್ಕೆ ಪಡೆದು ಕ್ರಯಪತ್ರ ಮಾಡಿಸಿಕೊಂಡ ಮಾತ್ರಕ್ಕೆ ವಿಳಂಬಕ್ಕೆ ಪರಿಹಾರ ಕೇಳುವ ಹಕ್ಕು ಹೋಗದು ಎಂದಿತು. ನಿರ್ಮಾಣ ದೋಷದ ವಿಷಯದಲ್ಲಂತೂ ರೇರಾ ಕಾಯ್ದೆಯೇ ಹಸ್ತಾಂತರದ ನಂತರದ 5 ವರ್ಷಗಳ ರಕ್ಷಣೆ ಕೊಟ್ಟಿದೆ.

ಹಾಗಾಗಿ ಮುಂದಿನ ಮಳೆಗಾಲದವರೆಗೆ ಕಾಯಬೇಡಿ. ಹಸ್ತಾಂತರ ಪತ್ರದಲ್ಲಿರುವ ದಿನಾಂಕ ನೋಡಿಕೊಂಡು ಇಂದೇ ಲಿಖಿತ ದೂರು ಕಳುಹಿಸಿ.