ಡುಷೆನ್ ಸ್ನಾಯುಕ್ಷಯ: ಆರೈಕೆ ಬೆಳೆದುಬಂದ ಬಗೆ

ಡುಷೆನ್ ಮಸ್ಕ್ಯುಲರ್ ಡಿಸ್ಟ್ರೊಫಿ ಬಹುಮಟ್ಟಿಗೆ ಗಂಡುಮಕ್ಕಳನ್ನೇ ಹಿಡಿಯುವ ಆನುವಂಶಿಕ ಸ್ನಾಯುಕ್ಷಯ. ವೈದ್ಯರ ಬಾಯಲ್ಲೂ ಮನೆಯವರ ಬಾಯಲ್ಲೂ ಅದು ಡಿಎಂಡಿ. ಹುಟ್ಟುವ ಸುಮಾರು 3,500ರಿಂದ 5,000 ಗಂಡುಮಕ್ಕಳಲ್ಲಿ ಒಬ್ಬನಿಗೆ ಬರುತ್ತದೆ. ಸ್ನಾಯುಕೋಶದ ಪೊರೆಗೆ ಆಧಾರವಾದ ಡಿಸ್ಟ್ರೊಫಿನ್ ಎಂಬ ಪ್ರೋಟೀನು ಈ ಮಕ್ಕಳಲ್ಲಿ ತಯಾರಾಗುವುದಿಲ್ಲ. ಹೀಗಾಗಿ ಸ್ನಾಯುಗಳು ಬಳಸಿದಷ್ಟೂ ಹರಿದು, ಆ ಜಾಗದಲ್ಲಿ ಕೊಬ್ಬು ಮತ್ತು ನಾರು ತುಂಬಿಕೊಳ್ಳುತ್ತವೆ. ಮೊದಲು ಸೊಂಟ ಮತ್ತು ತೊಡೆ, ಆಮೇಲೆ ತೋಳು, ಮುಂದೆ ಉಸಿರಾಟದ ಸ್ನಾಯುಗಳು ಮತ್ತು ಹೃದಯ ಸೋಲುತ್ತವೆ. ಪೂರ್ಣ ಗುಣಪಡಿಸುವ ಮದ್ದು ಇನ್ನೂ ಬಂದಿಲ್ಲ. ಆದರೂ ಒಳ್ಳೆಯ ಆರೈಕೆ ಸಿಕ್ಕಿದ ಕಡೆ ಈ ಮಕ್ಕಳ ಆಯುಸ್ಸು ಅರ್ಧ ಶತಮಾನದಲ್ಲಿ ಹತ್ತು ವರ್ಷಕ್ಕೂ ಮಿಕ್ಕಿ ಹೆಚ್ಚಿದೆ. ಹೆಚ್ಚಿಸಿದ್ದು ಸಾಮಾನ್ಯ ಮಾತ್ರೆಗಳು, ವ್ಯಾಯಾಮ, ಉಸಿರಾಟದ ಯಂತ್ರ ಮತ್ತು ಇವನ್ನೆಲ್ಲ ಹೊತ್ತಿಗೆ ಸರಿಯಾಗಿ ಜೋಡಿಸಿದ ಕೈಗಳು.

1851ರಲ್ಲಿ ಲಂಡನ್ನಿನ ಎಡ್ವರ್ಡ್ ಮೆರಿಯನ್ ಈ ಕಾಯಿಲೆಯ ಹುಡುಗರನ್ನು ವಿವರಿಸಿ, ದೋಷ ನರದಲ್ಲಿಲ್ಲ, ಸ್ನಾಯುವಿನಲ್ಲೇ ಇದೆ ಎಂದು ತೋರಿಸಿದರು. ತಾಯಿಯ ಕಡೆಯಿಂದ ಬರುತ್ತದೆಂಬುದನ್ನೂ ಗಮನಿಸಿದರು. ಹೆಸರು ಉಳಿದದ್ದು ಮಾತ್ರ 1868ರಲ್ಲಿ 13 ರೋಗಿಗಳ ವಿವರ ಬರೆದ ಫ್ರಾನ್ಸಿನ ಗಿಯೋಮ್ ಡುಷೆನ್‌ರದು. ಬದುಕಿರುವ ರೋಗಿಯ ಸ್ನಾಯುವಿನಿಂದ ತುಣುಕು ತೆಗೆಯುವ ಸೂಜಿಯನ್ನು ರೂಪಿಸಿದವರೂ ಅವರೇ. 1879ರಲ್ಲಿ ವಿಲಿಯಂ ಗವರ್ಸ್ ಇನ್ನೊಂದು ಗುರುತು ಕೊಟ್ಟರು: ನೆಲದಿಂದ ಏಳುವಾಗ ಹುಡುಗ ತನ್ನ ಮೊಣಕಾಲು, ತೊಡೆಗಳ ಮೇಲೆ ಕೈಯೂರಿ ಮೈಯನ್ನು ಮೇಲಕ್ಕೆ ಹತ್ತಿಸಿಕೊಳ್ಳುತ್ತಾನೆ. ನೆಲದ ಮೇಲೆ ಕುಳಿತು ಉಣ್ಣುವ ನಮ್ಮ ಮನೆಗಳಲ್ಲಿ ಇದನ್ನು ಎಲ್ಲರಿಗಿಂತ ಮೊದಲು ಕಾಣಬಲ್ಲವರು ತಾಯಿ ಮತ್ತು ಅಂಗನವಾಡಿ ಟೀಚರು. ಮೀನಖಂಡ ದಪ್ಪಗಿದ್ದು ಗಟ್ಟಿಮುಟ್ಟಾಗಿ ಕಾಣುವ ಮೂರು-ನಾಲ್ಕು ವರ್ಷದ ಹುಡುಗ ಪದೇಪದೇ ಬೀಳುತ್ತಿದ್ದರೆ, ಮೆಟ್ಟಿಲು ಹತ್ತಲು ಗೋಡೆ ಹಿಡಿಯುತ್ತಿದ್ದರೆ, ರಕ್ತದಲ್ಲಿ ಕ್ರಿಯಾಟಿನ್ ಕೈನೇಸ್ ಅಂದರೆ ಸಿಕೆ ನೋಡಿಸಬೇಕು. ಡಿಎಂಡಿಯಲ್ಲಿ ಅದು ಸಹಜ ಮಟ್ಟದ ಹತ್ತಾರು ಪಟ್ಟು ಏರಿರುತ್ತದೆ. ಜಪಾನಿನ ಎಬಾಶಿ ಮತ್ತು ಸಂಗಡಿಗರು ಇದನ್ನು 1959ರಲ್ಲೇ ತೋರಿಸಿದ್ದರು. ಎಸ್‌ಜಿಒಟಿ, ಎಸ್‌ಜಿಪಿಟಿ ಎಂಬ ಯಕೃತ್ತಿನ ಪರೀಕ್ಷೆಯ ಅಂಶಗಳೂ ಸ್ನಾಯುವಿನಿಂದ ಸೋರಿ ಏರುವುದರಿಂದ ಯಕೃತ್ತಿನ ಕಾಯಿಲೆಯೆಂದು ತಿಳಿದು ತಿಂಗಳುಗಟ್ಟಲೆ ಅಲೆಯುವುದುಂಟು. ಸಿಕೆ ಪರೀಕ್ಷೆಯೊಂದು ಆ ಅಲೆದಾಟವನ್ನು ತಪ್ಪಿಸುತ್ತದೆ.

1986-87ರಲ್ಲಿ ಅಮೆರಿಕದ ಲೂಯಿ ಕಂಕೆಲ್ ಮತ್ತು ಸಂಗಡಿಗರು ಎಕ್ಸ್ ವರ್ಣತಂತುವಿನ ಮೇಲಿನ ಜೀನನ್ನೂ ಅದು ಮಾಡಬೇಕಾದ ಡಿಸ್ಟ್ರೊಫಿನ್ನನ್ನೂ ಕಂಡುಹಿಡಿದರು. 79 ಎಕ್ಸಾನುಗಳ, ಅಂದರೆ ಪ್ರೋಟೀನಿನ ಸೂಚನೆ ಹೊತ್ತ ತುಣುಕುಗಳ, ಆ ಜೀನು ಮನುಷ್ಯನ ಅತ್ಯಂತ ದೊಡ್ಡ ಜೀನುಗಳಲ್ಲೊಂದು. ಚಿಕಿತ್ಸೆಯಲ್ಲಿ ಮೊದಲ ಮುನ್ನಡೆ ಆ ವೇಳೆಗಾಗಲೇ ಬೇರೆ ದಾರಿಯಿಂದ ಬಂದಿತ್ತು. 1974ರಲ್ಲಿ ಡ್ರಾಕ್‌ಮನ್ ಮತ್ತಿತರರು ಪ್ರೆಡ್ನಿಸೋನ್ ಎಂಬ ಸ್ಟಿರಾಯ್ಡಿನಿಂದ ಮಕ್ಕಳ ಬಲ ಹೆಚ್ಚಿದ್ದನ್ನು ವರದಿ ಮಾಡಿದರು, 1989ರಲ್ಲಿ ಮೆಂಡೆಲ್ ಮತ್ತಿತರರ ಪ್ರಯೋಗ ಅದನ್ನು ಖಚಿತಪಡಿಸಿತು. ಸ್ಟಿರಾಯ್ಡ್ ನಡಿಗೆಯನ್ನು ಕೆಲವು ವರ್ಷ ಉಳಿಸುತ್ತದೆ, ಬೆನ್ನು ಬಾಗುವುದನ್ನು ತಗ್ಗಿಸುತ್ತದೆ. ತೂಕ ಏರುವುದು, ಎತ್ತರ ಕುಗ್ಗುವುದು, ಮೂಳೆ ಸವೆಯುವುದು, ಕಣ್ಣಿನ ಪೊರೆ ಅದರ ಬೆಲೆ. 2017ರಲ್ಲಿ ಅಮೆರಿಕದಲ್ಲಿ ಡೆಫ್ಲಾಜಾಕಾರ್ಟ್ ಎಂಬ ಇನ್ನೊಂದು ಸ್ಟಿರಾಯ್ಡಿಗೆ ಕಂಪನಿಯೊಂದು ವರ್ಷಕ್ಕೆ 89,000 ಡಾಲರ್ ಎಂದಾಗ ಗದ್ದಲವೆದ್ದಿತು. ಅದೇ ಮಾತ್ರೆ ನಮ್ಮ ಔಷಧದಂಗಡಿಗಳಲ್ಲಿ ಜೆನೆರಿಕ್ ರೂಪದಲ್ಲಿ ಸಾಧಾರಣ ಬೆಲೆಗೆ ಸಿಗುತ್ತದೆ. ಭಾರತದ ಮನೆಗಳಿಗೆ ಇದು ಸಣ್ಣ ಅನುಕೂಲವಲ್ಲ.

ಎರಡನೆಯ ಮುನ್ನಡೆ ಉಸಿರಿನದು. ಇಂಗ್ಲೆಂಡಿನ ನ್ಯೂಕಾಸಲ್‌ನಿಂದ 2002ರಲ್ಲಿ ಬಂದ ಅಧ್ಯಯನದ ಪ್ರಕಾರ 1960ರ ದಶಕದಲ್ಲಿ ಈ ಹುಡುಗರು ತೀರಿಕೊಳ್ಳುತ್ತಿದ್ದ ಸರಾಸರಿ ವಯಸ್ಸು 14.4. 1990ರಿಂದೀಚೆಗೆ ರಾತ್ರಿ ಮಾಸ್ಕ್ ಮೂಲಕ ಉಸಿರಾಟದ ಯಂತ್ರ ಪಡೆದವರಲ್ಲಿ ಅದು 25.3. ಹೃದಯಕ್ಕೆ ಪೆರಿಂಡೊಪ್ರಿಲ್, ಎನಾಲಾಪ್ರಿಲ್‌ನಂಥ ಅಗ್ಗದ ಮಾತ್ರೆಗಳನ್ನು ತೊಂದರೆ ಕಾಣಿಸುವ ಮೊದಲೇ, ಹತ್ತು ವರ್ಷದ ಹೊತ್ತಿಗೆ ಶುರುಮಾಡುವ ರೂಢಿಯೂ ಬಂತು. ಬಿಡಿಬಿಡಿಯಾಗಿದ್ದ ಇವೆಲ್ಲವನ್ನೂ ಒಂದೆಡೆ ತಂದದ್ದು 2010ರಲ್ಲಿ ಪ್ರಕಟವಾಗಿ 2018ರಲ್ಲಿ ಪರಿಷ್ಕಾರಗೊಂಡ ಅಂತರರಾಷ್ಟ್ರೀಯ ಮಾರ್ಗಸೂಚಿ. ನರತಜ್ಞ, ಹೃದ್ರೋಗತಜ್ಞ, ಶ್ವಾಸತಜ್ಞ, ಮೂಳೆತಜ್ಞ, ಫಿಸಿಯೋಥೆರಪಿಸ್ಟ್, ಆಹಾರತಜ್ಞ, ಮನಃಶಾಸ್ತ್ರಜ್ಞ ಎಲ್ಲರೂ ಒಬ್ಬ ಹುಡುಗನ ಸುತ್ತ, ಒಬ್ಬ ವೈದ್ಯರ ಮೇಲ್ವಿಚಾರಣೆಯಲ್ಲಿ ಸೇರಬೇಕೆನ್ನುವುದು ಅದರ ತಿರುಳು.

ಕರ್ನಾಟಕದಲ್ಲಿ ಇಂಥ ಕೂಡುಕೆಲಸದ ದೊಡ್ಡ ಕೇಂದ್ರ 1974ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ನಿಮ್ಹಾನ್ಸ್. ಸ್ನಾಯುವಿನ ಬಯಾಪ್ಸಿಯಲ್ಲಿ ಡಿಸ್ಟ್ರೊಫಿನ್ ಇದೆಯೇ ಎಂದು ಬಣ್ಣ ಹಾಕಿ ನೋಡುತ್ತಿದ್ದ ಕಾಲದಿಂದ, ರಕ್ತದ ಎಂಎಲ್‌ಪಿಎ ಪರೀಕ್ಷೆಯಲ್ಲೇ ಜೀನಿನ ಕಳೆದುಹೋದ ಭಾಗವನ್ನು ಗುರುತಿಸುವ ಕಾಲದವರೆಗೆ ಅಲ್ಲಿನ ಕೆಲಸ ಬೆಳೆದಿದೆ. 2019ರಲ್ಲಿ ಅಲ್ಲಿನ ತಂಡ 606 ಮಕ್ಕಳ ಜೀನು ಬದಲಾವಣೆಗಳನ್ನು ಪ್ರಕಟಿಸಿತು. ಉಡುಪಿ ಜಿಲ್ಲೆಯ ತೆಕ್ಕಟ್ಟೆಯವರಿಗೆ ಹತ್ತಿರದ ದೊಡ್ಡಾಸ್ಪತ್ರೆ ಮಣಿಪಾಲ. ಹೆದ್ದಾರಿ 66ರಲ್ಲಿ ಕೋಟ, ಬ್ರಹ್ಮಾವರ ದಾಟಿ ಸುಮಾರು 30 ಕಿ.ಮೀ. ಅಲ್ಲಿನ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನಲ್ಲಿ ವೈದ್ಯಕೀಯ ತಳಿಶಾಸ್ತ್ರದ ಪ್ರತ್ಯೇಕ ವಿಭಾಗವಿದೆ. ಬೆಂಗಳೂರಿಗಾದರೆ ಘಟ್ಟ ಹತ್ತಿ ಸುಮಾರು 400 ಕಿ.ಮೀ. ಕುಂದಾಪುರದಲ್ಲಿ ನಿಲ್ಲುವ ರಾತ್ರಿ ರೈಲಿದ್ದರೂ, ಗಾಲಿಕುರ್ಚಿಯ ಹುಡುಗನನ್ನು ಎತ್ತಿ ಹತ್ತಿಸುವುದು ಮನೆಯವರ ತೋಳುಗಳೇ. ಆದ್ದರಿಂದ ವರ್ಷಕ್ಕೊಂದೆರಡು ಸಲ ದೊಡ್ಡ ಕೇಂದ್ರದಲ್ಲಿ ತಪಾಸಣೆ, ನಡುವೆ ಹೃದಯದ ಎಕೋ, ಲಸಿಕೆ, ಫಿಸಿಯೋಥೆರಪಿ ಹತ್ತಿರದಲ್ಲೇ ಎಂಬ ಹಂಚಿಕೆ ಬೇಕಾಗುತ್ತದೆ. ಎಲ್ಲ ಕಾಗದಗಳನ್ನೂ ಒಂದೇ ಫೈಲಿನಲ್ಲಿ ಹಿಡಿದು ಓಡಾಡುವ ತಾಯಿಯೇ ಮಾರ್ಗಸೂಚಿ ಹೇಳುವ ಆ ಮೇಲ್ವಿಚಾರಕಿಯೂ ಆಗಿಬಿಡುತ್ತಾಳೆ. ಆ ಹೊರೆಯನ್ನು ತಾಲೂಕು ಮಟ್ಟದಲ್ಲಿ ಒಬ್ಬರು ಹೊರಬೇಕಿದೆ.

ಮನೆಯೊಳಗಿನ ಆರೈಕೆಯಲ್ಲಿ ಊರಿನ ಗುಣ ಕಾಣುತ್ತದೆ. ಹಿಮ್ಮಡಿಯ ಸ್ನಾಯುರಜ್ಜು ಬಿಗಿಯದಂತೆ ದಿನವೂ ಪಾದವನ್ನು ನಿಧಾನಕ್ಕೆ ಮೇಲೆ ಒತ್ತಿ ಹಿಡಿಯಬೇಕು, ರಾತ್ರಿ ಸ್ಪ್ಲಿಂಟ್ ಕಟ್ಟಬೇಕು. ಎತ್ತರದ ಜಗಲಿ, ಹೊಸ್ತಿಲು, ಜಾರುವ ಕೆಂಪುಕಲ್ಲಿನ ಮೆಟ್ಟಿಲುಗಳ ಮನೆಯಲ್ಲಿ ಬಿದ್ದು ಕಾಲು ಮುರಿದರೆ ನಡಿಗೆ ಅಲ್ಲಿಗೇ ನಿಂತುಹೋಗಬಹುದು. ಮಳೆಗಾಲದ ನಾಲ್ಕು ತಿಂಗಳು ಕೆಸರಿನ ದಾರಿಯಲ್ಲಿ ಗಾಲಿಕುರ್ಚಿ ಶಾಲೆಗೆ ಹೋಗುವುದು ಕಷ್ಟ. ಸ್ಟಿರಾಯ್ಡ್ ತಿನ್ನುವ ಹುಡುಗನಿಗೆ ಗಂಜಿಯ ಜತೆಗಿನ ಉಪ್ಪಿನಕಾಯಿ, ಒಣಮೀನು ಕಡಿಮೆಯಿರಬೇಕು. ಎಣ್ಣೆ ಹಚ್ಚಿ ಮೈ ನೀವಿಸುವುದರಿಂದ ಹಿತವಾಗಬಹುದು. ಅದನ್ನು ನಂಬಿ ಸ್ಟಿರಾಯ್ಡನ್ನು ಒಮ್ಮೆಲೇ ಬಿಟ್ಟರೆ ಜೀವಕ್ಕೇ ಅಪಾಯ. ತುರ್ತಿನಲ್ಲಿ ಯಾವ ಆಸ್ಪತ್ರೆಗೆ ಹೋದರೂ ಮನೆಯವರು ಮೂರು ಮಾತು ಹೇಳಬೇಕು: ಸ್ಟಿರಾಯ್ಡ್ ನಡೆಯುತ್ತಿದೆ, ಅರಿವಳಿಕೆಯಲ್ಲಿ ಸಕ್ಸಿನೈಲ್‌ಕೋಲಿನ್ ಕೊಡಬಾರದು, ಉಸಿರು ಸೋತಾಗ ಬರೀ ಆಕ್ಸಿಜನ್ ಸಾಲದು, ಉಸಿರಾಟಕ್ಕೆ ಯಂತ್ರದ ನೆರವೂ ಬೇಕು.

ತಾಯಂದಿರ ಮೇಲೆ ಬೀಳುವ ಆರೋಪದ ವಿಷಯವನ್ನೂ ಇಲ್ಲಿ ಬರೆಯಲೇಬೇಕು. ಸುಮಾರು ಮೂರರಲ್ಲೊಂದು ಪಾಲು ಮಕ್ಕಳಲ್ಲಿ ಜೀನಿನ ಬದಲಾವಣೆ ಹೊಸದಾಗಿ ಹುಟ್ಟಿಕೊಂಡದ್ದು. ತಾಯಿಯ ರಕ್ತದಲ್ಲಿ ಅದು ಇರುವುದಿಲ್ಲ. ಇದ್ದರೂ ಅದು ಯಾರ ತಪ್ಪೂ ಅಲ್ಲ. ರಕ್ತಸಂಬಂಧದ ಮದುವೆಯೂ ಡಿಎಂಡಿಗೆ ಕಾರಣವಲ್ಲ. ತಾಯಿ ವಾಹಕಳಾಗಿದ್ದರೆ ಪ್ರತಿ ಗಂಡುಮಗುವಿಗೂ ಅರ್ಧದಷ್ಟು ಅಪಾಯ, ಪ್ರತಿ ಹೆಣ್ಣುಮಗು ವಾಹಕಳಾಗುವ ಸಂಭವವೂ ಅಷ್ಟೇ. ವಾಹಕರೂ ಹೃದಯ ಪರೀಕ್ಷೆ ಮಾಡಿಸಿಕೊಳ್ಳಬೇಕು. ಕರಾವಳಿಯ ಅಳಿಯಕಟ್ಟಿನ ಮನೆತನಗಳು ಬಳಿಯನ್ನು, ಅಂದರೆ ವಂಶವನ್ನು, ಎಣಿಸುವುದು ತಾಯಿಯ ಕಡೆಯಿಂದ. ತಳಿತಜ್ಞರು ಕೇಳುವ ದಾರಿಯೂ ಅದೇ: ಅಜ್ಜಿಯ ಗಂಡುಮಕ್ಕಳು, ಅಮ್ಮನ ಅಕ್ಕತಂಗಿಯರ ಮಕ್ಕಳು. ಎಳವೆಯಲ್ಲೇ ನಡಿಗೆ ತಪ್ಪಿ ತೀರಿಕೊಂಡ ಮಾವನೊಬ್ಬನನ್ನು ಕುಟುಂಬದ ಹಿರಿಯರು ನೆನಪಿಸಿಕೊಂಡರೆ, ಮದುವೆಯಾಗಲಿರುವ ತಂಗಿಯೊಬ್ಬಳಿಗೆ ಸಕಾಲದಲ್ಲಿ ತಿಳಿವಳಿಕೆ ಸಿಗುತ್ತದೆ. ಲಿಂಗಸಂಬಂಧಿ ಕಾಯಿಲೆಗಳಿಗಾಗಿ ಗರ್ಭಸ್ಥ ಶಿಶುವಿನ ಪರೀಕ್ಷೆಗೆ, ಲಿಂಗ ಪತ್ತೆಯನ್ನು ನಿಷೇಧಿಸುವ 1994ರ ಕಾಯ್ದೆಯೂ ಅವಕಾಶ ಕೊಡುತ್ತದೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಗಳಲ್ಲಿ ಮಸ್ಕ್ಯುಲರ್ ಡಿಸ್ಟ್ರೊಫಿಯೂ ಸೇರಿತು. ಆದ್ದರಿಂದ ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡು ಈ ಕಾಯಿಲೆಗೂ ಸಿಗುತ್ತದೆ. 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಲ್ಲೂ ಡಿಎಂಡಿಯ ಹೆಸರಿದೆ. 2022ರಲ್ಲಿ ಆ ನೀತಿಯಡಿ ಸಿಗುವ ನೆರವಿನ ಮಿತಿ 50 ಲಕ್ಷ ರೂಪಾಯಿಗೆ ಏರಿತು. ಇನ್ನು ಹೊಸ ಔಷಧಗಳು: ಜೀನಿನ ಒಂದು ಎಕ್ಸಾನನ್ನು ಬಿಟ್ಟು ಓದಿಸುವ ಎಟೆಪ್ಲಿರ್ಸೆನ್‌ಗೆ ಅಮೆರಿಕ 2016ರಲ್ಲಿ ಒಪ್ಪಿಗೆ ಕೊಟ್ಟಿತು. 2023ರಲ್ಲಿ ಒಪ್ಪಿಗೆ ಪಡೆದ ಜೀನ್ ಚಿಕಿತ್ಸೆ ಎಲೆವಿಡಿಸ್‌ನ ಬೆಲೆ 32 ಲಕ್ಷ ಡಾಲರ್. ನಡಿಗೆ ಕಳೆದುಕೊಂಡ ಇಬ್ಬರು ಹುಡುಗರು ಅದನ್ನು ಪಡೆದ ಮೇಲೆ ಯಕೃತ್ತು ವಿಫಲವಾಗಿ ತೀರಿಕೊಂಡದ್ದರಿಂದ 2025ರಲ್ಲಿ ಅಂಥವರಿಗೆ ಕೊಡುವುದನ್ನು ನಿಲ್ಲಿಸಲಾಯಿತು. ಬೆಂಗಳೂರಿನಲ್ಲಿ ಡಿಸ್ಟ್ರೊಫಿ ಅನಿಹಿಲೇಷನ್ ರಿಸರ್ಚ್ ಟ್ರಸ್ಟ್ ಎಂಬ ಸಂಸ್ಥೆ ಇಲ್ಲಿಯದೇ ಕಡಿಮೆ ಬೆಲೆಯ ಎಕ್ಸಾನ್ ಔಷಧಕ್ಕಾಗಿ ಕೆಲಸ ಮಾಡುತ್ತಿದೆ. ಅದರ ಫಲ ಬರುವವರೆಗೆ ಹುಡುಗ ನಿದ್ರೆಯಲ್ಲಿ ಉಸಿರಿಗೆ ಒದ್ದಾಡುತ್ತಾನೆಯೇ, ಬೆಳಿಗ್ಗೆ ತಲೆನೋವೆನ್ನುತ್ತಾನೆಯೇ ಎಂದು ಮನೆಯವರು ಗಮನಿಸಬೇಕು. ಕಂಡರೆ ಮಾಸ್ಕಿನ ಉಸಿರಾಟದ ಯಂತ್ರವಾದ ಬೈಪ್ಯಾಪಿನ ಮಾತನ್ನು ಅದೇ ಭೇಟಿಯಲ್ಲಿ ವೈದ್ಯರ ಮುಂದೆ ಎತ್ತಬೇಕು.