ಪತ್ರಾಗಾರಗಳು ಮತ್ತು ಮೈಸೂರು ಸೀಮೆಯ ಆಧುನಿಕ ಇತಿಹಾಸ

ಪತ್ರಾಗಾರ ಎಂದರೆ ಆಡಳಿತ ಕಚೇರಿಗಳು ತಮ್ಮ ನಿತ್ಯದ ವ್ಯವಹಾರದಲ್ಲಿ ಬರೆದ ಪತ್ರ, ಲೆಕ್ಕ, ನಕ್ಷೆ, ವರದಿಗಳನ್ನು ಶಾಶ್ವತವಾಗಿ ಕಾಪಾಡುವ ಸ್ಥಳ. ಗ್ರಂಥಾಲಯದಲ್ಲಿ ಪುಸ್ತಕಗಳು ವಿಷಯಾನುಸಾರ ಇರುತ್ತವೆ. ಪತ್ರಾಗಾರದಲ್ಲಿ ದಾಖಲೆಗಳು ಅವುಗಳನ್ನು ಬರೆದ ಕಚೇರಿಯ ಅನುಸಾರ ಇರುತ್ತವೆ. ಆದ್ದರಿಂದ ಒಂದು ಊರಿನ ಇತಿಹಾಸವನ್ನು ಹುಡುಕುವವರು, ಆ ಸಂಗತಿಯನ್ನು ಯಾವ ಕಚೇರಿ ಬರೆದಿಟ್ಟಿರಬಹುದು ಎಂದು ಮೊದಲು ಯೋಚಿಸಬೇಕಾಗುತ್ತದೆ.

ದಾಖಲೆಗಳು ಇರುವ ಸ್ಥಳಗಳು

ಬ್ರಿಟಿಷರು 1831ರಲ್ಲಿ ಮೈಸೂರಿನ ಆಡಳಿತವನ್ನು ಮುಮ್ಮಡಿ ಕೃಷ್ಣರಾಜ ಒಡೆಯರಿಂದ ವಹಿಸಿಕೊಂಡು ಕಮಿಷನರರ ಮೂಲಕ ನಡೆಸಿದರು. 1881ರಲ್ಲಿ ಅದು ಅರಸರಿಗೆ ಮರಳಿತು. ಈ ಎರಡೂ ಕಾಲದ ಸರ್ಕಾರಿ ಕಡತಗಳು ಬೆಂಗಳೂರಿನ ವಿಧಾನಸೌಧದಲ್ಲಿರುವ ಕರ್ನಾಟಕ ರಾಜ್ಯ ಪತ್ರಾಗಾರದಲ್ಲಿ ದೊರೆಯುತ್ತವೆ. ಭಾರತ ಸರ್ಕಾರದೊಡನೆ ನಡೆದ ವ್ಯವಹಾರವನ್ನು ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿಯೂ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿಯೂ ನೋಡಬೇಕು. ಬಳ್ಳಾರಿ, ದಕ್ಷಿಣ ಕನ್ನಡ, ಕಾಸರಗೋಡುಗಳ ಹಳೆಯ ದಾಖಲೆಗಳಿಗೆ ಚೆನ್ನೈ, ಧಾರವಾಡ ಸೀಮೆಗೆ ಮುಂಬಯಿ, ಕಲಬುರಗಿ ಸೀಮೆಗೆ ಹೈದರಾಬಾದ್.

ಕೋರ ಹೋಬಳಿಯ ಉದಾಹರಣೆ

ತುಮಕೂರು ತಾಲ್ಲೂಕಿನ ಕೋರ ಒಂದು ಹೋಬಳಿ ಕೇಂದ್ರ. ಇಂತಹ ಊರಿನ ಹೆಸರು ರಾಜಧಾನಿಯ ಸೂಚಿಗಳಲ್ಲಿ ಕಾಣುವುದು ಅಪರೂಪ. ಹಾಗೆಂದು ಅಲ್ಲಿಗೇ ಹುಡುಕಾಟವನ್ನು ಕೈಬಿಡಬಾರದು. ಹೋಬಳಿಯಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಜಿಲ್ಲೆಗೆ ಏರಿ ಹುಡುಕಬೇಕು. 1898ರಲ್ಲಿ ಬೆಂಗಳೂರಿಗೆ ಕಾಲಿಟ್ಟ ಪ್ಲೇಗ್ ರೋಗದ ಬಗ್ಗೆ ಅಧ್ಯಯನ ಮಾಡುವವರು ಆರೋಗ್ಯ ಇಲಾಖೆಯ ಕಡತಗಳ ಜೊತೆಗೆ ಪೊಲೀಸ್, ಕಂದಾಯ, ರೈಲ್ವೆ ಕಡತಗಳನ್ನೂ ತೆರೆಯಬೇಕು. ತುಮಕೂರಿಗೆ ರೈಲು ಬಂದುದು 1884ರಲ್ಲಿ. ರೋಗ ಹರಡಿದ ದಾರಿಯನ್ನು ತಿಳಿಯಲು ಆ ಮಾರ್ಗವನ್ನೂ ನೆನಪಿನಲ್ಲಿಡಬೇಕು.

ಹೊಲಗಳ ಚರಿತ್ರೆಗೆ ಭೂಮಾಪನ ದಾಖಲೆಗಳೇ ಆಧಾರ. ಮೈಸೂರಿನಲ್ಲಿ ಕಂದಾಯ ಮೋಜಣಿ 1863ರಲ್ಲಿ ಆರಂಭವಾಯಿತು. ಅದರ ಟಿಪ್ಪಣಿ, ಆಕಾರಬಂದ್ ಮೊದಲಾದವು ಇಂದಿಗೂ ಮೋಜಣಿ ಕಚೇರಿಗಳಲ್ಲಿ ಬಳಕೆಯಲ್ಲಿವೆ. ಬಂಜರು, ಕೆರೆ, ಇನಾಂ ಜಮೀನುಗಳ ಗುರುತು ಇವುಗಳಿಂದ ತಿಳಿಯುತ್ತದೆ. ಜನರ ಬೇಡಿಕೆ ಏನಿತ್ತೆಂದು ತಿಳಿಯಬೇಕಾದರೆ 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಸ್ಥಾಪಿತವಾದ ಮೈಸೂರು ಪ್ರಜಾಪ್ರತಿನಿಧಿ ಸಭೆಯ ನಡವಳಿಗಳನ್ನು ಓದಬೇಕು. ಕೆರೆ ದುರಸ್ತಿ, ರಸ್ತೆ, ಶಾಲೆಗಳಿಗಾಗಿ ತಾಲ್ಲೂಕುಗಳ ಪ್ರತಿನಿಧಿಗಳು ಇಟ್ಟ ಬೇಡಿಕೆಗಳು ಅಲ್ಲಿ ಸಿಗುತ್ತವೆ. ಮತಾಧಿಕಾರ ಆಸ್ತಿವಂತರಿಗೆ ಸೀಮಿತವಾಗಿದ್ದ ಆ ಸಭೆಯಲ್ಲಿ ಕೂಲಿಯವನ ದನಿ ಕೇಳಿಸದು ಎಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು.

ಭಾಷೆ ಮತ್ತು ಕಾಲಗಣನೆ

ಕಮಿಷನರರ ಕಾಲದ ಹಲವು ಹಳೆಯ ಲೆಕ್ಕಗಳು ಮೋಡಿ ಲಿಪಿಯ ಮರಾಠಿಯಲ್ಲಿವೆ. ಊರಿನ ಕಾಗದಗಳಲ್ಲಿ ಇಸವಿಯ ಬದಲು ಸಂವತ್ಸರದ ಹೆಸರು ಮಾತ್ರ ಇರುವುದುಂಟು. ಅದು 60 ವರ್ಷಕ್ಕೊಮ್ಮೆ ಮರಳುವುದರಿಂದ ಅಧಿಕಾರಿಯ ಹೆಸರು ಅಥವಾ ಬೇರೊಂದು ಆಧಾರದಿಂದ ಕಾಲವನ್ನು ನಿರ್ಧರಿಸಬೇಕಾಗುತ್ತದೆ. ಇಂಗ್ಲಿಷ್ ಕಡತಗಳಲ್ಲಿ ಚಿತ್ರದುರ್ಗವು ಚಿತಲ್‌ಡ್ರೂಗ್ ಆಗಿರುತ್ತದೆ. ಊರಿನ ಹೆಸರನ್ನು ನಾಲ್ಕಾರು ರೂಪಗಳಲ್ಲಿ ಹುಡುಕುವುದು ಲೇಸು.

ವಿಶ್ವಾಸಾರ್ಹತೆ

ಸರ್ಕಾರಿ ದಾಖಲೆ ಎಂದಮಾತ್ರಕ್ಕೆ ಅದು ಪೂರ್ಣ ಸತ್ಯವಲ್ಲ. 1938ರ ಏಪ್ರಿಲ್ 25ರಂದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ನಡೆದ ಗೋಲಿಬಾರಿನಲ್ಲಿ ಸತ್ತವರು 10 ಮಂದಿ ಎಂದು ಸರ್ಕಾರ ಹೇಳಿತು. 30ಕ್ಕೂ ಹೆಚ್ಚು ಮಂದಿ ಎಂಬುದು ಚಳವಳಿಯವರ ಲೆಕ್ಕ. ಇಂತಹ ಸಂದರ್ಭದಲ್ಲಿ ವಿಚಾರಣಾ ವರದಿ, ಪತ್ರಿಕೆಗಳು, ಮೌಖಿಕ ಹೇಳಿಕೆಗಳನ್ನು ಒಟ್ಟಿಗೆ ಇಟ್ಟು ನೋಡಬೇಕು.

ಶಾನುಭೋಗರ ಕಾಗದಪತ್ರಗಳು

ಗ್ರಾಮದ ಲೆಕ್ಕವನ್ನು ವಂಶಪಾರಂಪರ್ಯವಾಗಿ ಬರೆಯುತ್ತಿದ್ದವರು ಶಾನುಭೋಗರು. ಹಿಂದೆ ಅವರು ಬರೆಯುತ್ತಿದ್ದುದು ಹುಣಸೆಬೀಜದ ಸರಿ ಮತ್ತು ಇದ್ದಿಲಪುಡಿ ಬಳಿದ ಮಡಿಕೆಯ ಬಟ್ಟೆಯ ಮೇಲೆ, ಬಳಪದಿಂದ. ಅದರ ಹೆಸರೇ ಕಡತ. ಇಂದು ನಾವು ಕಚೇರಿಯ ಕಾಗದದ ಕಟ್ಟಿಗೂ ಅದೇ ಪದವನ್ನು ಬಳಸುತ್ತೇವೆ. ಗ್ರಾಮಾಧಿಕಾರ ರದ್ದತಿಯ 1961ರ ಕಾಯಿದೆಯಿಂದ ಈ ಹುದ್ದೆ ಕೊನೆಗೊಂಡಿತು. ಮನೆಗಳಲ್ಲಿಯೇ ಉಳಿದ ಲೆಕ್ಕಪುಸ್ತಕಗಳು ಗೆದ್ದಲಿಗೆ, ರದ್ದಿಗೆ ಹೋಗುತ್ತಿವೆ. ಬರಗಾಲದಲ್ಲಿ ಯಾರ ಕಂದಾಯ ಬಾಕಿಯಾಯಿತು, ಯಾವ ಜಮೀನು ಯಾರ ಕೈಗೆ ಹೋಯಿತು ಎಂಬ ವಿವರ ಎಷ್ಟೋ ವೇಳೆ ಇವುಗಳಲ್ಲಿ ಮಾತ್ರ ಇರುತ್ತದೆ. ಇವುಗಳನ್ನು ತೊಳೆಯುವುದಾಗಲಿ ಅಂಟುಪಟ್ಟಿ ಹಚ್ಚುವುದಾಗಲಿ ಸಲ್ಲದು. ಒಣಗಿದ ಸ್ಥಳದಲ್ಲಿಟ್ಟು, ಪ್ರತಿ ಪುಟದ ಛಾಯಾಚಿತ್ರ ತೆಗೆದು, ಯಾವ ಊರಿನದು, ಯಾವ ಮನೆತನದಿಂದ ಬಂದದ್ದು ಎಂಬುದನ್ನು ಬೇರೆ ಹಾಳೆಯಲ್ಲಿ ಬರೆದು ಜೊತೆಗಿರಿಸಬೇಕು.